ಉತ್ತರ ಗೊತ್ತಿಲ್ಲದವರಿಗೂ ಒಂದು ಕ್ವಿಜ್ ಸಂಜೆ

ನಮ್ಮ ಬಡಾವಣೆ ಬನಶಂಕರಿ ಕಡೆಯದು. ರಾಜ್ಯೋತ್ಸವ ಬಂತೆಂದರೆ ಬಾವುಟ, ಆರ್ಕೆಸ್ಟ್ರಾ, ಮಕ್ಕಳ ಫ್ಯಾನ್ಸಿ ಡ್ರೆಸ್ ಎಲ್ಲ ಇರುತ್ತದೆ, ಬೇರೆ ಕಡೆ ಇದ್ದ ಹಾಗೆಯೇ. ಅದರ ಜೊತೆಗೆ ನವೆಂಬರ್ ಕೊನೆಗೆ ಒಂದು ಶನಿವಾರ ಸಂಜೆ ಸಂಘದ ಹಾಲ್‌ನಲ್ಲಿ ಕ್ವಿಜ್ ನಡೆಯುತ್ತದೆ. ನಾಲ್ಕು ನಾಲ್ಕು ಜನರ ತಂಡ, ಪೂರ್ತಿ ಕನ್ನಡದಲ್ಲಿ, ಎಲ್ಲ ವಯಸ್ಸಿನವರಿಗೂ. ಪ್ರಶ್ನೆ ಮಾಡುವುದು, ಓದುವುದು, ಕೊನೆಗೆ ಜಗಳ ಬಿಡಿಸುವುದು ನನ್ನ ಪಾಲು. ಅಕ್ಕಪಕ್ಕದ ಲೇಔಟಿನವರು "ಅದ್ಹೇಗೆ ಮಾಡ್ತೀರಿ ಮೇಡಂ, ನಮ್ಗೂ ಸ್ವಲ್ಪ ಹೇಳಿ" ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯಲು ಕೂತೆ.

ಬೆಂಗಳೂರಿಗೆ ಕ್ವಿಜ್ ಹೊಸದೇನಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಶುರುವಾಗಿದ್ದು 1983ರಲ್ಲಿ. ಅಂಥ ಕ್ವಿಜ್‌ಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿಯೇ ನಾನು ಕಲಿತಿದ್ದು. ಅಲ್ಲಿ ಮೊದಲು ಎಲ್ಲರಿಗೂ ಲಿಖಿತ ಸುತ್ತು, ಅದರಲ್ಲಿ ಗೆದ್ದ ಕೆಲವು ತಂಡ ವೇದಿಕೆಗೆ. ಆಮೇಲೆ ಪೌನ್ಸ್, ಬೌನ್ಸ್. ಅಂದರೆ ಸರದಿ ನಿಮ್ಮದಲ್ಲದಿದ್ದರೂ ಉತ್ತರ ಗೊತ್ತಿದೆ ಅನ್ನಿಸಿದರೆ ಚೀಟಿಯಲ್ಲಿ ಬರೆದು ಕೊಡಬಹುದು, ತಪ್ಪಾದರೆ ಅಂಕ ಹೋಗುತ್ತದೆ. ಇದು ಪೌನ್ಸ್. ಸರದಿಯ ತಂಡಕ್ಕೆ ಉತ್ತರ ಬಾರದಿದ್ದರೆ ಪ್ರಶ್ನೆ ಒಂದು ತಂಡದಿಂದ ಇನ್ನೊಂದಕ್ಕೆ ಸಾಗುತ್ತದೆ, ಅದು ಬೌನ್ಸ್. ಪಳಗಿದವರಿಗೆ ಅದು ಭಾರಿ ಮಜಾ. ಬಡಾವಣೆಗೆ ಮಾತ್ರ ಒಗ್ಗುವುದಿಲ್ಲ. ಆರು ತಂಡ ಮೇಲೆ ಕೂತು ಯೋಚಿಸುವಾಗ ಕೆಳಗೆ ಕೂತ ಮಿಕ್ಕವರು ಮೊಬೈಲ್ ನೋಡಿಕೊಂಡು ಆಕಳಿಸುತ್ತಾರೆ, ಅರ್ಧ ಗಂಟೆಗೆ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಹಾಗಾಗಿ ನಮ್ಮಲ್ಲಿ ವೇದಿಕೆಯೇ ಇಲ್ಲ. ಎಲ್ಲ ತಂಡವೂ ಟೇಬಲ್ ಸುತ್ತ ಕೂತು, ಎಲ್ಲ ಪ್ರಶ್ನೆಗೂ ಹಾಳೆಯ ಮೇಲೆ ಉತ್ತರ ಬರೆಯುತ್ತದೆ. ಕಡೇ ಸ್ಥಾನದ ತಂಡಕ್ಕೂ ಕಡೇ ಪ್ರಶ್ನೆವರೆಗೆ ಕೆಲಸ ಇರುತ್ತದೆ.

ಕನ್ನಡದಲ್ಲಿ ಜನ ಬರುತ್ತಾರಾ ಎಂದು ಸಂಘದಲ್ಲಿ ಕೆಲವರಿಗೆ ಅನುಮಾನವಿತ್ತು. ನನಗೆ ಇರಲಿಲ್ಲ. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು 'ಥಟ್ ಅಂತ ಹೇಳಿ' ನಡೆಸಿದ್ದನ್ನು ಮನೆಮಂದಿಯೆಲ್ಲ ಕೂತು ನೋಡಿಲ್ವಾ? ಬಹುಮಾನಕ್ಕೆ ಪುಸ್ತಕ ಕೊಡುವ ಪದ್ಧತಿಯನ್ನು ನಾನು ಅಲ್ಲಿಂದಲೇ ತೆಗೆದುಕೊಂಡಿದ್ದು.

ಈಗ ಪ್ರಶ್ನೆಯ ವಿಷಯ. ಇಡೀ ಸಂಜೆ ನಿಂತಿರುವುದು ಇದರ ಮೇಲೆ. ಮೈಕ್ ಕೆಟ್ಟರೆ ಗಂಟಲು ಇದೆ, ಕಾಫಿ ತಡವಾದರೆ ಜನ ಕಾಯುತ್ತಾರೆ, ಪ್ರಶ್ನೆ ಸಪ್ಪೆಯಾದರೆ ಮಾತ್ರ ಏನೂ ಮಾಡಲಾಗದು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದಿಂದ ಎತ್ತಿದ ಪ್ರಶ್ನೆಯನ್ನು ನಾನು ಹತ್ತಿರ ಸೇರಿಸುವುದಿಲ್ಲ. ಗೊತ್ತಿದ್ದರೆ ಬರೆದರು, ಗೊತ್ತಿಲ್ಲದಿದ್ದರೆ ಪೆನ್ನು ಇಟ್ಟರು, ಅಷ್ಟೇ. ನಾಲ್ಕು ಜನ ತಲೆಗೆ ತಲೆ ಕೊಟ್ಟು ಗುಸುಗುಸು ಮಾಡಬೇಕು, ಅದಕ್ಕಲ್ಲವೇ ತಂಡ ಅಂತ ಮಾಡಿದ್ದು?

ಒಂದು ಉದಾಹರಣೆ. ಮತದಾನದ ಶಾಯಿ ಎಲ್ಲಿ ತಯಾರಾಗುತ್ತದೆ ಎಂದು ಕೇಳಿದರೆ ಕೆಎಎಸ್‌ಗೆ ಓದಿದವರು ಒಂದೇ ಉಸಿರಿಗೆ ಹೇಳುತ್ತಾರೆ, ಉಳಿದವರು ಅವರ ಮುಖ ನೋಡುತ್ತಾರೆ. ನಾನು ಅದನ್ನೇ ತಿರುಗಿಸಿ ಕೇಳಿದೆ: "1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಬಣ್ಣ ತಯಾರಿಸುವ ಒಂದು ಕಾರ್ಖಾನೆ ಶುರುವಾಯಿತು. 1962ರಿಂದ ಅಲ್ಲಿನ ಒಂದು ಸಾಮಾನು ದೇಶಕ್ಕೆಲ್ಲ ಹೋಗುತ್ತಿದೆ. ಈ ಹಾಲ್‌ನಲ್ಲಿ ಕೂತಿರುವ ದೊಡ್ಡವರಲ್ಲಿ ಹೆಚ್ಚಿನವರ ಮೈಗೆ ಅದು ತಾಗಿದೆ. ಮಕ್ಕಳಿಗೆ ತಾಗಿಲ್ಲ. ಏನದು?" ಮೊದಲು ಎಲ್ಲರೂ ಸೋಪು, ಪೌಡರ್ ಎಂದು ಗೊಣಗಿಕೊಂಡರು. ಆಮೇಲೆ ಒಂದು ಟೇಬಲ್‌ನಲ್ಲಿ ಏಳನೇ ಕ್ಲಾಸಿನ ಹುಡುಗಿ "ಮಕ್ಕಳಿಗೆ ಯಾಕೆ ತಾಗಿಲ್ಲ ತಾತಾ?" ಎಂದು ಕೇಳಿದಳು. ತಾತ ತಮ್ಮ ಎಡಗೈ ತೋರುಬೆರಳು ನೋಡಿಕೊಂಡರು. ಅಷ್ಟು ಸಾಕಾಯಿತು. ಉತ್ತರ ತಾತನಿಗೂ ಗೊತ್ತಿರಲಿಲ್ಲ, ಮೊಮ್ಮಗಳಿಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಕಂಡುಕೊಂಡರು. ನನ್ನ ಲೆಕ್ಕದಲ್ಲಿ ಒಳ್ಳೆಯ ಪ್ರಶ್ನೆ ಅಂದರೆ ಇದು.

ಇನ್ನೊಂದು ಪಿನ್ ಕೋಡಿನದು. ಬೆಂಗಳೂರಿನ ಪಿನ್ 560ರಿಂದ ಶುರುವಾಗುತ್ತದೆ. ಮೊದಲ ಅಂಕಿ 5 ಇರುವ ಬೇರೆ ಎರಡು ರಾಜ್ಯ ಯಾವುವು? ಇದನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ಆದರೆ ಹೈದರಾಬಾದಿನಲ್ಲಿರುವ ಮಗಳಿಗೆ ಪಾರ್ಸೆಲ್ ಕಳಿಸುವ ಅಮ್ಮ ಪ್ರತಿ ಟೇಬಲ್‌ನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ತೆಲಂಗಾಣ ಅಲ್ಲೇ ಸಿಕ್ಕಿತು. ಈ ಪದ್ಧತಿ ಬಂದಿದ್ದು 1972ರಲ್ಲಿ, ಆಗ ತೆಲಂಗಾಣ ಬೇರೆ ಇರಲಿಲ್ಲ ಎಂದು ಯಾರಾದರೂ ನೆನಪಿಸಿಕೊಂಡರೆ ಆಂಧ್ರವೂ ಸಿಗುತ್ತದೆ.

ಪ್ರಶ್ನೆ ಚೆಂದ ಇದ್ದರೆ ಸಾಲದು, ಉತ್ತರ ಒಂದೇ ಇರಬೇಕು. ಕರ್ನಾಟಕದ ಅತಿ ಎತ್ತರದ ಜಲಪಾತ ಯಾವುದು ಎಂದು ಕೇಳಿ ನೋಡಿ. ಅರ್ಧ ಜನ ಜೋಗ ಅನ್ನುತ್ತಾರೆ, ಇನ್ನು ಕೆಲವರು ಕುಂಚಿಕಲ್ ಅನ್ನುತ್ತಾರೆ, ಇಬ್ಬರ ಹತ್ತಿರವೂ ತೋರಿಸಲು ಪುಸ್ತಕ ಇರುತ್ತದೆ. ರಾಜ್ಯ ಹುಟ್ಟಿದ ವರ್ಷ ಯಾವುದು ಅಂದರೂ ಗೊಂದಲವೇ. ಏಕೀಕರಣ 1956ರದು, ಕರ್ನಾಟಕ ಎಂಬ ಹೆಸರು ಬಂದಿದ್ದು 1973ರಲ್ಲಿ. ಯಾವುದು ಬೇಕು ಎಂದು ಪ್ರಶ್ನೆಯಲ್ಲೇ ಬಿಡಿಸಿ ಹೇಳಬೇಕು. ಹಳೇ ಪಟ್ಟಿಗಳನ್ನಂತೂ ನಂಬಲೇಬಾರದು. 2021ರಲ್ಲಿ ವಿಜಯನಗರ ಸೇರಿ ಜಿಲ್ಲೆಗಳು 31 ಆದವು, 30 ಎಂದು ಬರೆದಿರುವ ಪುಸ್ತಕ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಹೆಚ್ಚು ಉಪಗ್ರಹ ಇರುವ ಗ್ರಹ ಯಾವುದೆಂಬುದು 2023ರ ಒಂದೇ ವರ್ಷದಲ್ಲಿ ಗುರುವಿಗೆ ಹೋಗಿ ಮತ್ತೆ ಶನಿಗೆ ಬಂತು. 'ಅತಿ ದೊಡ್ಡ', 'ಮೊಟ್ಟಮೊದಲ', 'ಎಷ್ಟು' ಎಂಬ ಪದ ಪ್ರಶ್ನೆಯಲ್ಲಿ ಕಂಡರೆ ನಾನು ಎರಡು ಕಡೆ ನೋಡಿಯೇ ಮುಂದೆ ಹೋಗುವುದು. ವಾಟ್ಸಾಪ್ ಫಾರ್ವರ್ಡ್ ಎರಡನೇ ಕಡೆ ಅಲ್ಲ, ಬಿಡಿ.

ತಂಡ ಮಾಡುವುದು ಇನ್ನೊಂದು ತಲೆನೋವು. ಬಿಟ್ಟರೆ ಸಾಫ್ಟ್‌ವೇರಿನ ಹುಡುಗರು ನಾಲ್ವರೂ ಒಂದೇ ಕಡೆ ಸೇರುತ್ತಾರೆ, ಬ್ಯಾಂಕಿನಿಂದ ನಿವೃತ್ತರಾದವರೆಲ್ಲ ಒಂದು ಕಡೆ. ಮಕ್ಕಳ ತಂಡ ಮೊದಲ ಸುತ್ತಿಗೇ ಮುಖ ಸಣ್ಣ ಮಾಡಿಕೊಳ್ಳುತ್ತದೆ. ನಾವು ನಾಲ್ಕು ಡಬ್ಬಿ ಇಡುತ್ತೇವೆ. ಹದಿನೈದರ ಒಳಗಿನವರು ಒಂದರಲ್ಲಿ, ಅರವತ್ತು ದಾಟಿದವರು ಇನ್ನೊಂದರಲ್ಲಿ, ನಡುವಿನವರು ಉಳಿದೆರಡರಲ್ಲಿ ಹೆಸರು ಹಾಕುತ್ತಾರೆ. ಡಬ್ಬಿಗೊಂದು ಚೀಟಿ ಎತ್ತಿದರೆ ತಂಡ ತಯಾರು. ಗಂಡ ಹೆಂಡತಿ ಬೇರೆ ಬೇರೆ ತಂಡಕ್ಕೆ ಬಿದ್ದರೆ ಇನ್ನೂ ಒಳ್ಳೆಯದು. ತಂಡದ ಹೆಸರು ಮಾತ್ರ ಅವರವರ ಇಷ್ಟ. 'ಬೈ ಟೂ ಕಾಫಿ', 'ಸ್ವಲ್ಪ ಅಡ್ಜಸ್ಟ್ ಮಾಡಿ', 'ಸಿಲ್ಕ್ ಬೋರ್ಡ್ ಜಾಮ್' ಎಲ್ಲ ಬಂದಿವೆ. ಸ್ಕೋರ್ ಓದುವಾಗ "ಸಿಲ್ಕ್ ಬೋರ್ಡ್ ಜಾಮ್ ಇನ್ನೂ ಅಲ್ಲೇ ನಿಂತಿದೆ" ಅಂದರೆ ನಗು ಪುಕ್ಕಟೆ.

ಹೀಗೆ ಬೆರೆಸಿದ ಮೇಲೆ ಸುತ್ತುಗಳೂ ಬೆರೆತಿರಬೇಕು. ಅಜ್ಜಿಯರಿಗಾಗಿಯೇ ಮಾಡಿದ್ದು ಮಸಾಲೆ ಡಬ್ಬಿ ಸುತ್ತು. ಪ್ರತಿ ಟೇಬಲ್‌ಗೂ ಚಿಕ್ಕ ಚಿಕ್ಕ ಡಬ್ಬಿ ಹೋಗುತ್ತವೆ. ಮೂಸಿ, ಮುಟ್ಟಿ ಹೆಸರು ಬರೆಯಬೇಕು. ಮರಾಠಿ ಮೊಗ್ಗು, ಕಲ್ಲುಹೂವು, ಜಾಪತ್ರೆ, ಜಾಯಿಕಾಯಿ. ಹೆಸರು ಬರೆದ ಮೇಲೆ ಎರಡನೇ ಪ್ರಶ್ನೆ: ಇವುಗಳಲ್ಲಿ ಒಂದೇ ಹಣ್ಣಿನಿಂದ ಬರುವ ಎರಡು ಯಾವುವು? (ಜಾಯಿಕಾಯಿ ಬೀಜ, ಅದರ ಮೇಲಿನ ಕೆಂಪು ಹೊದಿಕೆ ಜಾಪತ್ರೆ.) ಹೂವೂ ಅಲ್ಲದ ಕಲ್ಲೂ ಅಲ್ಲದ ಕಲ್ಲುಹೂವು ಏನು? ಕಲ್ಲುಹೂ ಹಾಕದೆ ಬಿಸಿಬೇಳೆ ಬಾತ್ ಪುಡಿ ಮಾಡದವರಿಗೂ ಅದು ಕಲ್ಲಿನ ಮೇಲೆ, ಮರದ ತೊಗಟೆಯ ಮೇಲೆ ಬೆಳೆಯುವ ಲೈಕನ್ (ಶಿಲೀಂಧ್ರ, ಪಾಚಿ ಎರಡೂ ಸೇರಿ ಬೆಳೆಯುವಂಥದ್ದು) ಎಂದು ಗೊತ್ತಿರಲಿಲ್ಲ. ಆ ಸುತ್ತಿನಲ್ಲಿ ಐಟಿ ಹುಡುಗರು ಡಬ್ಬಿ ಹಿಡಿದುಕೊಂಡು "ಆಂಟಿ, ಇದೇನು?" ಎಂದು ಬೇಡುವುದನ್ನು ನೋಡಬೇಕು.

ಚಿತ್ರದ ಸುತ್ತಿಗೆ ಪ್ರೊಜೆಕ್ಟರ್ ಬೇಡ. ಟ್ಯೂಬ್‌ಲೈಟ್ ಆರಿಸಿದರೆ ಬರೆಯಲು ಆಗಲ್ಲ, ಹಾಕಿದರೆ ಪರದೆ ಕಾಣಲ್ಲ. ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಟೇಬಲ್‌ಗೊಂದು ಕಲರ್ ಪ್ರಿಂಟ್ ತೆಗೆಸಿದರೆ ಮುಗಿಯಿತು. ದಿನಾ ನೋಡುವ ವಸ್ತುವನ್ನು ಕತ್ತರಿಸಿ ತೋರಿಸುವುದು ನನಗಿಷ್ಟ. ಮೈಸೂರು ಸ್ಯಾಂಡಲ್ ಸೋಪಿನ ಮೇಲಿರುವ ಆನೆ ತಲೆ, ಸಿಂಹದ ಮೈಯ ಶರಭವನ್ನು ಸ್ನಾನದ ಮನೆಯಲ್ಲಿ ಎಷ್ಟು ವರ್ಷದಿಂದ ನೋಡಿಲ್ಲ ಹೇಳಿ? ಅದೊಂದನ್ನೇ ಹಾಳೆಯ ಮೇಲೆ ಇಟ್ಟರೆ ಹಾಲ್‌ಗೆ ಹಾಲೇ ಬೇಲೂರು, ಹಳೇಬೀಡು ಸುತ್ತಿ ಬರುತ್ತದೆ. ಗಾಡಿ ನಂಬರಿನ ಸುತ್ತು ಬೇಗ ಮುಗಿಯುತ್ತದೆ, ಗಲಾಟೆ ಜಾಸ್ತಿ. ಕೆಎ 12 ಮಡಿಕೇರಿ, 19 ಮಂಗಳೂರು, 20 ಉಡುಪಿ, 22 ಬೆಳಗಾವಿ, 25 ಧಾರವಾಡ. ಬೆಂಗಳೂರಿನಲ್ಲಿ ಅರ್ಧ ಊರು ಬೇರೆ ಊರಿನದೇ ಆದ್ದರಿಂದ ಒಬ್ಬೊಬ್ಬರು ತಮ್ಮೂರ ನಂಬರ್ ಬಂದಾಗ ಕುರ್ಚಿಯಿಂದ ಏಳುತ್ತಾರೆ.

ನಡೆಸುವ ಕ್ರಮ ಸರಳ. ಐದು ಸುತ್ತು, ಸುತ್ತಿಗೆ ಎಂಟು ಪ್ರಶ್ನೆ. ಪ್ರತಿ ಪ್ರಶ್ನೆಯನ್ನು ಎರಡು ಸಲ ನಿಧಾನವಾಗಿ ಓದುತ್ತೇನೆ. ಸುತ್ತು ಮುಗಿದ ತಕ್ಷಣ ಹಾಳೆಯನ್ನು ಪಕ್ಕದ ಟೇಬಲ್‌ಗೆ ಕೊಟ್ಟು ತಿದ್ದಿಸುತ್ತೇನೆ, ಉತ್ತರವನ್ನೂ ಆಗಲೇ ಹೇಳುತ್ತೇನೆ. ಎಲ್ಲ ಉತ್ತರ ಕೊನೆಗೆ ಇಟ್ಟುಕೊಂಡರೆ ಪ್ರಶ್ನೆಯೇ ಮರೆತು ಹೋಗಿರುತ್ತದೆ. ಇದೆಲ್ಲ ಸೇರಿ ಸುತ್ತಿಗೆ ಸುಮಾರು 25 ನಿಮಿಷ ಹಿಡಿಯುತ್ತದೆ, ನಡುವೆ ಕಾಫಿ, ಚುರುಮುರಿ, ಬೋಂಡಾ. ಆರೂವರೆ ಎಂದು ಚೀಟಿಯಲ್ಲಿ ಹಾಕಿದರೆ ಜನ ಏಳಕ್ಕೆ ಬರುತ್ತಾರೆ, ಟ್ರಾಫಿಕ್ ಎನ್ನುತ್ತಾರೆ, ಬರುವುದು ಹಿಂದಿನ ಕ್ರಾಸ್‌ನಿಂದ! ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಅದು ನಿಯಮ. ಹಾಗಾಗಿ ಏಳಕ್ಕೆ ಯಾರು ಇರಲಿ ಬಿಡಲಿ ಮೊದಲ ಪ್ರಶ್ನೆ ಓದಿಬಿಡುತ್ತೇನೆ. ಮೊದಲ ಸುತ್ತು ಸುಲಭದ್ದು, ಎಲ್ಲ ತಂಡಕ್ಕೂ ಐದಾರು ಅಂಕ ಸಿಗಲೇಬೇಕು. ಯಾವುದಾದರೂ ಒಂದು ಸುತ್ತಿಗೆ ಅಂಕ ದುಪ್ಪಟ್ಟು ಮಾಡಿಕೊಳ್ಳುವ ಜೋಕರ್ ಕಾರ್ಡ್ ಕೊಡುತ್ತೇವೆ. ಅದನ್ನು ಸುತ್ತು ಶುರುವಾಗುವ ಮುಂಚೆಯೇ ಎತ್ತಬೇಕು.

ಮೊಬೈಲನ್ನು ಬುಟ್ಟಿಗೆ ಹಾಕಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ವಯಸ್ಸಾದವರನ್ನು ಬಿಟ್ಟು ಬಂದವರು ಇರುತ್ತಾರೆ. ಟೇಬಲ್ ಮೇಲೆ ಮಗುಚಿ ಇಡಲಿ, ಸಾಕು. ಫೋನ್ ಬಂದರೆ ಹೊರಗೆ ಹೋಗಿ ಮಾತಾಡಲಿ, ಆದರೆ ವಾಪಸ್ ಬಂದವರು ಆ ಸುತ್ತಿನಲ್ಲಿ ಬಾಯಿ ಬಿಡುವಂತಿಲ್ಲ. ಈ ನಿಯಮ ಹೇಳಿದ ಮೇಲೆ ಅರ್ಜೆಂಟ್ ಫೋನ್‌ಗಳು ಅಚ್ಚರಿಯಾಗುವಷ್ಟು ಕಡಿಮೆಯಾದವು.

ತಕರಾರು ಬಂದೇ ಬರುತ್ತದೆ, ಬರಲಿ ಕೂಡ. ಕೂಗಾಡುವ ಬದಲು ಬರೆದು ಕೊಡಿ ಎಂದು ತಂಡಕ್ಕೊಂದು ದೂರು ಚೀಟಿ ಕೊಡುತ್ತೇನೆ, ಇಡೀ ಸಂಜೆಗೆ ಒಂದೇ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಅವರು ಆ ಒಂದು ಚೀಟಿಯನ್ನು ಕೊನೆ ಸುತ್ತಿನವರೆಗೆ ಜೇಬಲ್ಲಿಟ್ಟು ಕಾಯುತ್ತಾರೆ. "ನಿಮ್ ಪ್ರಶ್ನೇಲಿ ಉಪಗ್ರಹ ಅಂದ್ರಿ, ಮನುಷ್ಯ ಮಾಡಿದ್ದೋ ಇಲ್ಲಾ ಆಕಾಶದ್ದೋ ಹೇಳ್ಲಿಲ್ವಲ್ಲಮ್ಮಾ" ಎಂಬಂಥ ತಕರಾರು ಅವರದ್ದು. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ, ಬೆಳಗಾಂ ಎಂದು ಬರೆದರೂ ಬೆಳಗಾವಿಯೇ. ಅಂಕ ಸಮ ಆದರೆ ಗುರಿಗೆ ಹತ್ತಿರ ಬಂದವರು ಗೆಲ್ಲುವ ಪ್ರಶ್ನೆ. ನಮ್ಮ ಮೆಟ್ರೊದ ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದು ಯಾವ ತಾರೀಖು? 2011ರ ಅಕ್ಟೋಬರ್ 20. ಯಾರಿಗೂ ಸರಿಯಾಗಿ ನೆನಪಿರಲ್ಲ, ಆದರೆ ಎಲ್ಲರಿಗೂ ಏನೋ ಒಂದು ನೆನಪಿರುತ್ತದೆ.

ಬಹುಮಾನಕ್ಕೆ ಗಾಂಧಿ ಬಜಾರಿನ ಅಂಕಿತದಿಂದ ಪುಸ್ತಕ ತರುತ್ತೇವೆ. ಕಡೇ ಸ್ಥಾನದವರಿಗೆ ಒಂದು ಚೀಲ ಕಡಲೆಕಾಯಿ. ಬಸವನಗುಡಿಯ ಪರಿಷೆ ಅದೇ ಸುಮಾರಿಗೆ ಬರುವುದರಿಂದ ತರುವುದು ಕಷ್ಟವಲ್ಲ. ಆ ಚೀಲ ಬಿಚ್ಚಿದ ಟೇಬಲ್ ಸುತ್ತಲೇ ಎಲ್ಲರೂ ನಿಂತಿರುತ್ತಾರೆ, ಗೆದ್ದವರೂ ಸೇರಿ.

ರಾತ್ರಿ ಮನೆಗೆ ಬಂದು ಉತ್ತರದ ಹಾಳೆಗಳನ್ನು ಹರಡಿಕೊಂಡು ಪ್ರತಿ ಪ್ರಶ್ನೆಯ ಮುಂದೆ ಎಷ್ಟು ತಂಡ ಬರೆದಿದೆ ಎಂದು ಗುರುತು ಹಾಕುತ್ತೇನೆ. ಎಲ್ಲರೂ ಬರೆದದ್ದು ಮೊದಲ ಸುತ್ತಿಗೆ ಸರಿ. ಯಾರೂ ಬರೆಯದಿದ್ದರೆ ಸುಳಿವು ಸಾಲಲಿಲ್ಲ ಎಂದರ್ಥ, ಜನ ದಡ್ಡರು ಎಂದಲ್ಲ. ತಿದ್ದಿದ ಪ್ರಶ್ನೆಗಳನ್ನು ತಂಗಿಗೆ ಕಳಿಸುತ್ತೇನೆ, ಅವಳು ಮೈಸೂರಿನ ತನ್ನ ಕಚೇರಿಯಲ್ಲಿ ಹೀಗೇ ಒಂದು ನಡೆಸುತ್ತಾಳೆ. ಆದರೆ ಎಲ್ಲವೂ ಅಲ್ಲಿಗೆ ಹೊಂದುವುದಿಲ್ಲ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಪೀಣ್ಯದ ಶೆಡ್‌ಗಳಲ್ಲಿ ಎಂಬುದನ್ನು ಇಲ್ಲಿ ಅರ್ಧ ಹಾಲ್ ಊಹಿಸಿತ್ತು, ಅಲ್ಲಿ ಒಬ್ಬರೂ ಬರೆಯಲಿಲ್ಲವಂತೆ. ಶಾಯಿಯ ಪ್ರಶ್ನೆಯನ್ನು ಮಾತ್ರ ಅವಳು ಮೊದಲ ಸಾಲು ಓದುವಷ್ಟರಲ್ಲೇ ಎಲ್ಲರೂ ಬೆರಳು ಎತ್ತಿದರಂತೆ.