ಆಟಿಯಲ್ಲಿ ಬಿಗಿಯುವ ಬಾಗಿಲು

ಉಡುಪಿಯ ಮಳೆಗೆ ಮನೆಯ ಒಳಗಿನ ಬಾಗಿಲುಗಳೂ ಹಿಗ್ಗುತ್ತವೆ. ಆಟಿ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳು, ಬಂತೆಂದರೆ ನಮ್ಮ ಮಲಗುವ ಕೋಣೆಯ ಹಲಸಿನ ಬಾಗಿಲನ್ನು ಭುಜ ಕೊಟ್ಟೇ ನೂಕಬೇಕಿತ್ತು. "ಆಚಾರಿಯನ್ನು ಕರಿ ಮಾರಾಯ, ಎರಡು ಸಲ ಕೀಸಿದರೆ ಆಯ್ತು" ಅಂದರು ಅಮ್ಮ. ನಾನು ಕರೆಯಲಿಲ್ಲ. ಹಿಗ್ಗಿದ ಬಾಗಿಲನ್ನು ಮಳೆಗಾಲದಲ್ಲೇ ಸಲೀಸಾಗುವಷ್ಟು ಕೀಸಿದರೆ, ಮಾರ್ಚಿನಲ್ಲಿ ಆ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ.

ಮೊದಲು ಎಲ್ಲಿ ತಾಗುತ್ತದೆ ನೋಡಬೇಕು. ಚಿಲಕದ ಬದಿಯ ಮೇಲಿನ ಮೂಲೆ ಮಾತ್ರ ತಾಗುತ್ತಿದ್ದರೆ ತಪ್ಪು ಮಳೆಯದ್ದಲ್ಲ, ಹೆಚ್ಚಾಗಿ ಬಾಗಿಲು ಜೋತಿರುತ್ತದೆ. ನಮ್ಮದರಲ್ಲಿ ಎರಡೂ ಇತ್ತು. ಅರ್ಧ ತೆರೆದು ಹಿಡಿಯ ಹತ್ತಿರ ಮೇಲಕ್ಕೆ ಎತ್ತಿದರೆ ಮೇಲಿನ ಬಿಜಾಗರಿ ಕಟಕ್ ಅನ್ನುತ್ತಿತ್ತು. ಕೆಳಗೆ ಹಲಗೆ ತುಂಡು ಕೊಟ್ಟು ಬಾಗಿಲಿನ ಭಾರ ಅದರ ಮೇಲೆ ಬಿಟ್ಟೆ. ಒಂದೊಂದೇ ಸ್ಕ್ರೂ ಬಿಚ್ಚಿ, ಮದ್ದು ಮುರಿದ ಬೆಂಕಿಕಡ್ಡಿಗಳಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿದೆ. ಮಳೆಗಾಲದಲ್ಲಿ ಅಂಟು ಬೇಗ ಒಣಗುವುದಿಲ್ಲ, ಒಂದಿಡೀ ದಿನ ಬಿಡಿ. ಆಮೇಲೆ ಅದೇ ಸ್ಕ್ರೂ ಗಟ್ಟಿಯಾಗಿ ಕೂತಿತು. ಇಷ್ಟಕ್ಕೇ ಅರ್ಧ ಬಿಗಿ ಹೋಯಿತು.

ಉಳಿದದ್ದಕ್ಕೆ ಸೀಮೆಸುಣ್ಣ. ದಾರಂದದ (ಬಾಗಿಲ ಚೌಕಟ್ಟಿನ) ಒಳಮೈಗೆ ಚೆನ್ನಾಗಿ ಉಜ್ಜಿ, ಬಾಗಿಲು ಹಾಕಿ ತೆಗೆದೆ. ಚಿಲಕದಿಂದ ಒಂದು ಗೇಣು ಕೆಳಗೆ, ಅಂಚಿನ ಮೇಲೆ ಬೆರಳಗಲದ ಬಿಳಿ ಪಟ್ಟಿ. ಅಲ್ಲಿ ಪಾಲಿಶ್ ಮೊದಲೇ ಸವೆದು ಹಳದಿ ಮರ ಕಾಣುತ್ತಿತ್ತು. ಕೀಸುಳಿ ಮುಟ್ಟಲೇ ಇಲ್ಲ. 80ನೇ ನಂಬರಿನ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಅಷ್ಟೇ ಜಾಗಕ್ಕೆ, ಎಳೆಯ ಉದ್ದಕ್ಕೆ ಉಜ್ಜಿದೆ. ಕೊನೆಗೆ 120. ಪಸೆ ಇರುವ ಮರದ ಪುಡಿ ಪೇಪರಿಗೆ ಮೆತ್ತಿಕೊಳ್ಳುತ್ತದೆ, ಆಗಾಗ ಕೊಡವಬೇಕು. ಸ್ವಲ್ಪ ಉಜ್ಜಿ, ಮುಚ್ಚಿ ನೋಡಿ, ಮತ್ತೆ ಸ್ವಲ್ಪ. ಕೊನೆಯಲ್ಲಿ ಮೇಣದಬತ್ತಿ ತಿಕ್ಕಿದೆ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಹಿಡಿದು ಅಂಚು ಕಪ್ಪಾಗುತ್ತದೆ.

ನಿಜವಾದ ಕೆಲಸ ಇರುವುದು ಬೇಸಿಗೆಯಲ್ಲಿ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಎಂದರೂ ನಡೆಯುತ್ತದೆ, ಹಿಗ್ಗುವುದೆಲ್ಲ ಅಗಲಕ್ಕೆ. ಆದರೆ ಪಸೆ ಜಾಸ್ತಿ ಒಳಗೆ ಹೋಗುವುದು ಎಳೆ ಕಡಿದ ತುದಿಯಿಂದ. ಬಾಗಿಲಿನ ಮೇಲಂಚು, ಕೆಳಂಚುಗಳಲ್ಲಿ ಈ ತುದಿಗಳು ಬಾಯಿ ತೆರೆದುಕೊಂಡಿರುತ್ತವೆ. ಪೈಂಟರುಗಳು ಕಾಣುವಲ್ಲೆಲ್ಲ ಪಾಲಿಶ್ ಹಾಕಿ ಅವೆರಡನ್ನು ಬಿಟ್ಟುಬಿಡುತ್ತಾರೆ. ಯಾರು ನೋಡ್ತಾರೆ, ಅಲ್ವಾ? ಸ್ಟೂಲು ಹತ್ತಿ ಮೇಲೆ ಕೈಯಾಡಿಸಿ, ಬರೀ ಮರ ಸಿಗುತ್ತದೆ. ನಾನು ಮಾರ್ಚಿನಲ್ಲಿ ಬಾಗಿಲು ಇಳಿಸಿ, ಮೇಣ ಹಿಡಿದ ಜಾಗವನ್ನು ಟರ್ಪೆಂಟೈನಿನಿಂದ ಒರೆಸಿ ಉಜ್ಜಿದೆ. ಮೇಣದ ಮೇಲೆ ವಾರ್ನಿಶ್ ನಿಲ್ಲುವುದಿಲ್ಲ. ನಾಲ್ಕೂ ಅಂಚಿಗೆ ವಾರ್ನಿಶ್ ಕೊಟ್ಟೆ, ಮೇಲೆ ಕೆಳಗೆ ಒಂದು ಕೈ ಜಾಸ್ತಿ. ಮುಂದಿನ ಆಟಿಯಲ್ಲಿ ಬಾಗಿಲು ಸ್ವಲ್ಪ ಬಿಗಿಯಾಯಿತು, ಆದರೆ ಒಂದೇ ಕೈಯಲ್ಲಿ ತೆರೆಯಿತು.

ಬಚ್ಚಲಿನ ಫ್ಲಶ್ ಡೋರಿಗೆ, ಅಂದರೆ ಪ್ಲೈವುಡ್ ಹೊದಿಸಿದ ಸಪಾಟು ಬಾಗಿಲಿಗೆ, ಈ ಲೆಕ್ಕ ನಡೆಯುವುದಿಲ್ಲ. ಅಂಚಿನ ರೀಪು (ಮರದ ಪಟ್ಟಿ) ತೆಳು, ಜಾಸ್ತಿ ಉಜ್ಜುವಂತಿಲ್ಲ. ಕೆಳಗೆ ಪ್ಲೈವುಡ್ ಪದರ ಬಿಚ್ಚಿ ಉಬ್ಬಿದ್ದರೆ ಸುಮ್ನೆ ಕಷ್ಟಪಡಬೇಡಿ, ಬಾಗಿಲನ್ನೇ ಬದಲಿಸಿ.