ರಾಜೀನಾಮೆ ಕೊಡದೆ ಇಎಸ್‌ಐ ದೀರ್ಘ ರಜೆ ಮುಗಿಸಿದ ಬಗೆ: ನನ್ನ ಅನುಭವ

ಬೆನ್ನುಮೂಳೆಯ ಕ್ಷಯದಿಂದ ವರ್ಷಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದಿದ್ದ ನಾನು ಅದೇ ಹುದ್ದೆಗೆ, ಅದೇ ಸಂಬಳಕ್ಕೆ ಮರಳಿದ್ದೇನೆ. ಮೂರು ತಿಂಗಳಿಗೆ ಹಣ ನಿಲ್ಲುತ್ತದೆ, ಅಷ್ಟರಲ್ಲಿ ಕಂಪನಿಯೂ ಹೆಸರು ತೆಗೆಯುತ್ತದೆ ಎಂದು ನಕ್ಕಿದ್ದ ಸಹೋದ್ಯೋಗಿಗಳೇ ಈಗ ಕಾಗದಪತ್ರ ಹಿಡಿದು ನನ್ನ ಬಳಿ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ರಕರಣ ನಡೆದದ್ದು 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯಡಿ. ಕಲಂ ಸಂಖ್ಯೆಗಳೂ ಅದರವೇ.

"ಈಗ ರಾಜೀನಾಮೆ ಕೊಡಿ, ಗುಣವಾದ ಮೇಲೆ ನೋಡೋಣ" ಎಂಬುದು ಕಂಪನಿಯ ಮೊದಲ ಮಾತು. ನಾನು ಒಪ್ಪಲಿಲ್ಲ. ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನೂ ಶಿಕ್ಷಿಸುವುದನ್ನೂ ಕಲಂ 73 ತಡೆಯುತ್ತಿತ್ತು, ಆ ಅವಧಿಯಲ್ಲಿ ಕೊಟ್ಟ ನೋಟಿಸಿಗೂ ಬೆಲೆಯಿರಲಿಲ್ಲ. ಆದರೆ ರಾಜೀನಾಮೆ ಕೊಟ್ಟವನಿಗೆ ಅದರಿಂದ ಏನೂ ಸಿಗದು. ಈ ರಕ್ಷಣೆಗೂ ಮಿತಿಯಿತ್ತು. ಸಾಮಾನ್ಯ ಕಾಯಿಲೆಗೆ ಆರು ತಿಂಗಳು, ಕ್ಷಯದಂಥವಕ್ಕೆ ಹದಿನೆಂಟು ತಿಂಗಳು ಕಳೆದ ಮೇಲೆ, ಸೇವಾ ನಿಯಮಗಳು ಅವಕಾಶ ಕೊಟ್ಟರೆ, ಮಾಲೀಕರು ನೋಟಿಸ್ ನೀಡಿ ಕೆಲಸದಿಂದ ಬಿಡುಗಡೆ ಮಾಡಬಹುದಿತ್ತು. ಆದ್ದರಿಂದ ಮೊದಲ ದಿನದಿಂದಲೇ ನನ್ನ ಕಣ್ಣು ಆ ಹದಿನೆಂಟರ ಮೇಲಿತ್ತು.

ಹಣದ ವಿಷಯದಲ್ಲಿ ಆರಂಭವೇ ಕೆಟ್ಟಿತು. ಶಸ್ತ್ರಚಿಕಿತ್ಸೆ ಮಾಡಿದ ಖಾಸಗಿ ಆಸ್ಪತ್ರೆಯ ಪ್ರಮಾಣಪತ್ರವನ್ನು ಇಎಸ್‌ಐ ಬ್ರಾಂಚ್ ಆಫೀಸಿನವರು ನೇರವಾಗಿ ಒಪ್ಪದೆ ಪರ್ಯಾಯ ಸಾಕ್ಷ್ಯವೆಂದು ಪರಿಶೀಲನೆಗೆ ಕಳುಹಿಸಿದ್ದರಿಂದ ತಿಂಗಳಿಗೂ ಮೇಲ್ಪಟ್ಟು ಒಂದು ರೂಪಾಯಿಯೂ ಬರಲಿಲ್ಲ. ಅದು ಮುಗಿಯುವಷ್ಟರಲ್ಲಿ, ನನ್ನ ಸಂಬಳದಿಂದ 0.75 ಶೇಕಡಾ ಕಡಿತವಾಗಿದ್ದರೂ ಕೆಲವು ತಿಂಗಳ ವಂತಿಗೆಯನ್ನು ಕಂಪನಿ ಕಟ್ಟಿಯೇ ಇಲ್ಲವೆಂಬುದು ಗೊತ್ತಾಯಿತು. ಕ್ಷಯದಂಥ ದೀರ್ಘ ಕಾಯಿಲೆಗೆ 91 ದಿನಗಳ ನಂತರವೂ ಸಿಗುವ ವಿಸ್ತರಿತ ಭತ್ಯೆಗೆ ಎರಡು ವರ್ಷದ ಸೇವೆಯಲ್ಲಿ 156 ದಿನಗಳ ವಂತಿಗೆ ಬೇಕು. ಪೇಸ್ಲಿಪ್‌ಗಳನ್ನು ಲಗತ್ತಿಸಿ ಆಫೀಸಿಗೆ ಬರೆದ ಮೇಲಷ್ಟೇ ಕಂಪನಿ ಬಾಕಿ ಕಟ್ಟಿತು. ಈ ನಡುವೆ ಮನೆ ನಡೆದದ್ದು ಪಿಎಫ್‌ನಿಂದ. ಕಾಯಿಲೆಗೆ ಪಿಎಫ್ ಯೋಜನೆಯ 68ಜೆ ಪ್ಯಾರಾದ ಅಡಿಯಲ್ಲಿ ಮುಂಗಡ ತೆಗೆಯಲು ಆಗ ಕನಿಷ್ಠ ಸೇವೆಯ ಷರತ್ತಿರಲಿಲ್ಲ ಎಂಬುದನ್ನು ಪ್ರಯೋಗಕ್ಕೆಂದೇ ಹಾಕಿದ ಅರ್ಜಿಯಿಂದ ಖಚಿತಪಡಿಸಿಕೊಂಡೆ. ಭತ್ಯೆ ಸಿಗದ ಮೊದಲ ಎರಡು ದಿನಗಳಿಗೆ ಗಳಿಕೆ ರಜೆ ಹಾಕಿದೆ. ಸಂಬಳ ಸಹಿತ ರಜೆಯ ದಿನಕ್ಕೆ ಭತ್ಯೆ ಬಾರದ ಕಾರಣ ಉಳಿದ ರಜೆಯನ್ನು ಮುಟ್ಟಲಿಲ್ಲ.

ಮುಂದೆ ಪ್ರಮಾಣಪತ್ರಗಳ ಸರಪಳಿ ಒಂದು ದಿನವೂ ತುಂಡಾಗದಂತೆ ನೋಡಿಕೊಂಡೆ. ಮೊದಲು ವಾರವಾರ, ನಂತರ ವಿಶೇಷ ಮಧ್ಯಂತರ ಪ್ರಮಾಣಪತ್ರದ ಮೇಲೆ ಸುಮಾರು ನಾಲ್ಕು ವಾರಕ್ಕೊಮ್ಮೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಮೂಲವನ್ನು ಬ್ರಾಂಚ್ ಆಫೀಸಿಗೂ ಪ್ರತಿಯನ್ನು ಅದೇ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಕಂಪನಿಗೂ ಕಳುಹಿಸುತ್ತಿದ್ದೆ. ಗೈರುಹಾಜರಿಯ ನೋಟಿಸ್ ಬಂದಾಗ ಉತ್ತರವಾಗಿ ಕೊಟ್ಟದ್ದು ಆ ಅಂಚೆ ರಸೀದಿಗಳ ಕಟ್ಟನ್ನೇ. 91 ದಿನಗಳವರೆಗೆ ಸಂಬಳದ 70 ಶೇಕಡಾ ಲೆಕ್ಕದಲ್ಲಿ ದಿನಕ್ಕೆ ಸುಮಾರು 420 ರೂಪಾಯಿ, ಬಳಿಕ 80 ಶೇಕಡಾ ಲೆಕ್ಕದಲ್ಲಿ 480ರ ಆಸುಪಾಸು ಬಂತು; ಭಾನುವಾರಗಳೂ ಸೇರಿದ್ದರಿಂದ ತಿಂಗಳಿಗೆ ಹದಿನಾಲ್ಕು ಸಾವಿರ ದಾಟುತ್ತಿತ್ತು. ವಿಸ್ತರಣೆಯ ಕಡತವನ್ನು ಮೆಡಿಕಲ್ ಬೋರ್ಡಿನ ಮುಂದೆ ಬೇಗ ತರಿಸಿದ ಉಪಾಯವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎಲ್ಲರೂ ಅದನ್ನೇ ಹಿಡಿದರೆ ಆ ದಾರಿಯೂ ಮುಚ್ಚೀತು.

ಹದಿನಾಲ್ಕನೆಯ ತಿಂಗಳ ಹೊತ್ತಿಗೆ, ಕೆಲಸಕ್ಕೆ ಮರಳಬಹುದೆಂಬ ಅಂತಿಮ ಪ್ರಮಾಣಪತ್ರದೊಂದಿಗೆ ಕಂಪನಿಯಲ್ಲಿ ಹಾಜರಾದಾಗ, ಕಡಿಮೆ ದರ್ಜೆಯ ಕೆಲಸ ಮಾಡಬಹುದೇ ಎಂದು ಕೇಳಿದರು. ಆದೇಶವನ್ನು ಬರಹದಲ್ಲಿ ಕೊಡುವಂತೆ ಕೋರಿದೆ. ಅದು ಬರಲಿಲ್ಲ, ಮರುದಿನ ನನ್ನ ಹಳೆಯ ಯಂತ್ರಕ್ಕೇ ಹಾಕಿದರು.