ಮಾತು ಬಾರದ ಮಗುವಿನ ಜತೆ ಯಾವ ಭಾಷೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ನನ್ನ ಬಳಿ ಬರುವ ತಾಯಂದಿರು ಔಷಧಕ್ಕಿಂತ ಮೊದಲು ಕೇಳುವುದು ಭಾಷೆಯ ಬಗ್ಗೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಅಂಗನವಾಡಿಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು. ಮಗುವಿಗೆ ಮೂರು ವರ್ಷ ತುಂಬಿದೆ, ಮಾತಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. “ಇಷ್ಟು ಭಾಷೆ ಕೇಳಿ ಗಲಿಬಿಲಿಯಾಗಿದೆಯಂತೆ ಟೀಚರೇ, ಇನ್ನು ಇಂಗ್ಲಿಷಿನಲ್ಲಿ ಮಾತ್ರ ಮಾತಾಡಿ ಎಂದಿದ್ದಾರೆ” ಎನ್ನುತ್ತಾರೆ. ಇಂಗ್ಲಿಷ್ ಬಾರದ ಅಜ್ಜಿ ಅಂದಿನಿಂದ ಮೊಮ್ಮಗನ ಜತೆ ಮಾತು ಬಿಟ್ಟಿರುತ್ತಾರೆ.

ವಾಕ್ ಚಿಕಿತ್ಸಕಿಯಾದ ನನಗೆ ಈ ಸಲಹೆ ಬರಿಸುವಷ್ಟು ಸಿಟ್ಟನ್ನು ಬೇರೆ ಯಾವುದೂ ಬರಿಸುವುದಿಲ್ಲ. ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಆಟಿಸಂ, ಅಂದರೆ ಮಾತು, ಒಡನಾಟಗಳು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ, ಬರುವುದಿಲ್ಲ. ಒಂದೇ ಭಾಷೆ ಕೇಳುವ ಆಟಿಸಂ ಮಕ್ಕಳನ್ನೂ ಎರಡು ಭಾಷೆ ಕೇಳುವವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಎರಡನೆಯವರು ಹಿಂದೆ ಬಿದ್ದದ್ದು ಕಂಡಿಲ್ಲ. ಮನೆಯವರು ಮುದ್ದಿಸಲು, ಗದರಲು, ಹಾಡಲು ಯಾವ ಭಾಷೆ ಬಳಸುತ್ತಾರೋ ಮಗುವಿಗೂ ಅದೇ ಇರಲಿ. ಅಜ್ಜಿ ತುಳುವಿನಲ್ಲೇ ಮಾತಾಡಲಿ ಎಂಬಲ್ಲಿಂದ ನನ್ನ ಕೆಲಸ ಶುರುವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಸಿಗುವ ಚಿಕಿತ್ಸಕರಲ್ಲಿ ಹಲವರು ಮಲಯಾಳದವರು. ಹೀಗಾಗಿ ಮಗು ದಿನವೂ ಕೇಳುವ ಮನೆಮಾತುಗಳ ಪಟ್ಟಿಯೊಂದನ್ನು ಬರೆದು ಅವರ ಕೈಗೆ ಕೊಡಿ ಎಂದು ಹೆತ್ತವರಿಗೆ ಹೇಳುತ್ತೇನೆ. ಅವರು ಕೇಳದಿದ್ದರೂ ಕೊಡಿ.

ಮೊದಲು ಕಿವಿ ಪರೀಕ್ಷೆ ಆಗಲೇಬೇಕು. ಆಟಿಸಂ ಹೌದೋ ಅಲ್ಲವೋ ಎಂಬುದನ್ನು ಮಕ್ಕಳ ವೈದ್ಯರು ಮತ್ತು ಮನಃಶಾಸ್ತ್ರಜ್ಞರು ನೋಡಿ ಹೇಳಬೇಕು. ಆ ಕಾಗದ ಕೈಗೆ ಬರಲಿ ಎಂದು ಮಾತ್ರ ಕಾಯಬೇಡಿ. ಮಾತು ತಡವಾಗಿರುವ ಮಗುವಿಗೆ ಕೆಲಸ ಇಂದೇ ಆರಂಭಿಸಬಹುದು.

ಆ ಕೆಲಸವನ್ನು ಹೆಚ್ಚಾಗಿ ಮಾಡುವವಳು ತಾಯಿ. ವಾರಕ್ಕೊಂದು ಗಂಟೆ ನಾನು ಮಗುವಿನ ಎದುರು ಕುಳಿತರೆ ಏನಾದೀತು? ಆ ಗಂಟೆಯಲ್ಲಿ ತಾಯಿಗೆ ಕಲಿಸುತ್ತೇನೆ. ಗೋವಾದಲ್ಲೂ ರಾವಲ್ಪಿಂಡಿಯಲ್ಲೂ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಜ್ಞರಲ್ಲದ ಕಾರ್ಯಕರ್ತರು ತರಬೇತಿ ಪಡೆದು ಹೆತ್ತವರಿಗೆ ಹೀಗೆಯೇ ಕಲಿಸಿದಾಗ ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತ್ತು.

ನೀರುದೋಸೆ ಬಿಟ್ಟು ಬೇರೇನೂ ಮುಟ್ಟದ ಹುಡುಗನೊಬ್ಬನಿದ್ದ. ಅವನಿಗೆ ಹಸಿವಾಗುವ ಮೊದಲೇ ತಟ್ಟೆ ಎದುರಿಗೆ ಬಂದುಬಿಡುತ್ತಿತ್ತು, ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅವನ ಮನೆಯ ತಟ್ಟೆಯನ್ನು, ಅದರ ಮೇಲಿನ ದೋಸೆಯನ್ನೇ ಮೊಬೈಲಿನಲ್ಲಿ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದೆವು. ಅಂಗಡಿಯ ಚಾರ್ಟಿನ ಕೆಂಪು ಸೇಬು ಅವನಿಗೆ ಯಾತಕ್ಕೆ? ದೋಸೆ ಹಿಡಿದು ತಾಯಿ ಎದುರು ಕುಳಿತರು, ಅವನ ಬೆನ್ನ ಹಿಂದೆ ಅಕ್ಕ. ಅವನು ದೋಸೆಗೆ ಕೈ ಚಾಚಿದಾಗ ಅಕ್ಕ ಆ ಕೈಯನ್ನು ಕಾರ್ಡಿನತ್ತ ತಿರುಗಿಸಿ, ಕಾರ್ಡು ತಾಯಿಯ ಅಂಗೈ ಸೇರುವಂತೆ ಮಾಡಬೇಕು, ತುಟಿ ಬಿಚ್ಚಬಾರದು. ಕಾರ್ಡು ಬಂದ ಕ್ಷಣ ತಾಯಿ “ದೋಸೆ” ಎಂದು ಒಂದೇ ಮಾತು ಹೇಳಿ ದೋಸೆ ಕೊಡಬೇಕು, ಸಣ್ಣ ತುಂಡು, ಮತ್ತೆ ಕೇಳುವಂತೆ. “ಏನು ಬೇಕು ಮಗಾ, ಹೇಳು, ಹೇಳು” ಎಂಬ ಒತ್ತಾಯ ಬೇಡ. ಅಕ್ಕನ ಕೈ ದಿನದಿಂದ ದಿನಕ್ಕೆ ಹಿಂದೆ ಸರಿಯಬೇಕು. ಕಾರ್ಡು ಕೊಟ್ಟರೆ ಮಾತು ಬಾರದೇ ಹೋದೀತು ಎಂದು ಅಜ್ಜ ಮುನಿಸಿಕೊಂಡಿದ್ದರು. ಕಾರ್ಡು ಮಾತನ್ನು ತಡೆಯುವುದಿಲ್ಲ. ಅವನಿಗಂತೂ ಮೊದಲು ಬಂದ ಮಾತು “ದೋಚೆ”.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಚಿಕಿತ್ಸೆಗೆಂದು ಮಂಗಳೂರಿಗೆ ಹೋಗುತ್ತಿದ್ದ ಮನೆಗಳು ದಿಕ್ಕೆಟ್ಟವು. ಮಗು ಊಟಮಾಡುವ, ಆಡುವ ಚಿಕ್ಕ ವಿಡಿಯೋಗಳನ್ನು ಕಳುಹಿಸಲು ಹೇಳಿದೆ. ತಾಯಿ ಎಲ್ಲಿ ಆತುರಪಡುತ್ತಾರೆ, ಮಗು ಕಣ್ಣೆತ್ತಿ ನೋಡಿದ್ದು ಎಲ್ಲಿ ಅವರ ಗಮನಕ್ಕೆ ಬಾರದೆ ಹೋಯಿತು ಎಂಬುದು ಕೋಣೆಯಲ್ಲಿದ್ದದ್ದಕ್ಕಿಂತ ಅದರಲ್ಲಿ ಚೆನ್ನಾಗಿ ಕಂಡಿತು. ಗಡಿ ತೆರೆದ ಮೇಲೂ ಅದನ್ನು ಬಿಟ್ಟಿಲ್ಲ.

ಜಾತ್ರೆಯ ಚೆಂಡೆ, ಗರ್ನಾಲು ಹಲವು ಮಕ್ಕಳಿಗೆ ಹಿಂಸೆ. ಅವರನ್ನು ಗದರಿ ಕೂರಿಸಬೇಡಿ. ಜನ ಸೇರುವ ಮೊದಲೇ ಹೋಗಿ, ಕಿವಿ ಮುಚ್ಚುವ ಹೆಡ್‌ಫೋನ್ ಒಯ್ಯಿರಿ, ನಡುವೆಯೇ ಎದ್ದು ಬನ್ನಿ. ಇದಕ್ಕಿಂತ ನನಗೆ ಭಯವಿರುವುದು ನೀರಿನದು. ಈ ಮಕ್ಕಳಲ್ಲಿ ಹಲವರು ಹೇಳದೆ ಹೊರಟುಬಿಡುತ್ತಾರೆ, ನೀರಿನತ್ತ ಸೆಳೆತವೂ ಹೆಚ್ಚು. ನಮ್ಮ ತೋಟಗಳಲ್ಲಿ ಕೆರೆ, ತೋಡು, ಕಟ್ಟೆಯಿಲ್ಲದ ಬಾವಿ ಎಲ್ಲವೂ ಇವೆ. ಮನೆಗೆ ಹೋದಾಗ ಆಟಿಕೆಗಿಂತ ಮೊದಲು ನಾನು ಬಾವಿ ನೋಡುತ್ತೇನೆ. ಬೇಲಿ, ಬಲೆ, ಗೇಟಿಗೆ ಗಂಟೆ, ಆಮೇಲೆ ಈಜು ಕಲಿಸುವುದು.

ಆಟಿಸಂ ಗುಣಪಡಿಸುವ ಔಷಧ ಇಲ್ಲ. ತನ್ನನ್ನೇ ಹೊಡೆದುಕೊಳ್ಳುವಷ್ಟು ಕೆರಳುವ ಮಗುವಿಗೆ ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂತಹವನ್ನು ವೈದ್ಯರು ಕೊಡುವುದುಂಟು. ಅದು ಅವರ ನಿಗಾದಲ್ಲೇ ನಡೆಯಬೇಕು. ಲಕ್ಷಗಟ್ಟಲೆ ಸುಲಿಯುವ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಗೆಂದು ತೋಟ ಅಡವಿಡಲು ಹೊರಟವರನ್ನು ತಡೆದಿದ್ದೇನೆ. ಆಟಿಸಂಗೆ ಅದು ಸಲ್ಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಗೇರುತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ನಿಂದ ಹೀಗಾಯಿತೇ ಎಂದೂ ಇಲ್ಲಿ ಕೇಳುತ್ತಾರೆ. ಕಾರಣ ಯಾವುದೇ ಇರಲಿ, ನಾನು ಕಲಿಸುವುದು ಬದಲಾಗುವುದಿಲ್ಲ.

ಕಾಗದಪತ್ರ ಬೇಸರದ ಕೆಲಸ, ಆದರೂ ಮಾಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ದೇಶವಿಡೀ ನಡೆಯುತ್ತದೆ, ತಲಪಾಡಿಯ ಆಚೆಗೂ. ಕೇಂದ್ರ ಸರಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು. ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗೆಂದು ಇರುವ ಪಂಚಾಯತಿನ ಬಡ್ಸ್ ಶಾಲೆಯನ್ನು ಒಮ್ಮೆ ಹೋಗಿ ನೋಡಿ ಬನ್ನಿ.

ದೊಡ್ಡವರಾದವರ ಬಗ್ಗೆ ಕೇಳುವವರೇ ಕಡಿಮೆ. ಇಂದಿಗೂ ನಾಲ್ಕಾರು ಮಾತಷ್ಟೇ ಆಡುವ ಯುವಕನೊಬ್ಬ ಮನೆಯಂಗಳದಲ್ಲಿ ಚಾಲಿ ಅಡಿಕೆ ವಿಂಗಡಿಸುತ್ತಾನೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆಯ ದರ್ಜೆಗಳಿಗೆ ಬೇರೆ ಬೇರೆ ಬುಟ್ಟಿ. ಬುಟ್ಟಿಯ ಮೇಲೆ ಫೋಟೋ ಅಂಟಿಸಿದ್ದಷ್ಟೇ ನನ್ನ ಕೆಲಸ. ಅವನ ಕೈಯಲ್ಲಿ ಕಲಬೆರಕೆ ಆಗುವುದಿಲ್ಲ ಎಂದು ತಂದೆ ಹೇಳುತ್ತಾರೆ. ಹಾಗಾದರೆ ಬೇರೆಯವರಿಗೆ ಕೊಡುವ ದಿನ ಅವನಿಗೂ ಕೂಲಿ ಕೊಡಿ ಎಂದೆ. ಕೊಡುತ್ತಿದ್ದಾರೆ. ಆ ಹಣದಲ್ಲಿ ಏನು ಕೊಳ್ಳಬೇಕೆಂದು ಅವನೇ ಕಾರ್ಡು ತೋರಿಸುತ್ತಾನೆ. ಹೆಚ್ಚಿನ ಸಲ ಟಾರ್ಚು.